ಪ್ರೀಪೇಯ್ಡ್ ಕರೆಂಟ್: 230 ರಾಂಡ್ ಎಲ್ಲಿಗೆ ಹೋಯಿತು?

ಜೋಹಾನ್ಸ್‌ಬರ್ಗ್‌ನ ಕನ್ನಡ ಬಂಧುಗಳಿಗೆ ನಮಸ್ಕಾರ.

"500 ರಾಂಡ್ ಹಾಕಿದರೂ ಯೂನಿಟ್ ಅರ್ಧಕ್ಕರ್ಧ ಕಡಿಮೆ ಬಂದಿದೆ, ಮೀಟರ್ ಕೆಟ್ಟಿತೇ?" ಎಂದು 2024-25ರಲ್ಲಿ ಗುಂಪಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಿರಿ. ಮೀಟರ್ ಸರಿಯಾಗಿಯೇ ಇತ್ತು. 2024ರ ಜುಲೈ 1ರಿಂದ ನಗರದ ವಿದ್ಯುತ್ ಸಂಸ್ಥೆ ಸಿಟಿ ಪವರ್, ಪ್ರೀಪೇಯ್ಡ್ (ಮೊದಲೇ ಹಣ ಕಟ್ಟಿ ಯೂನಿಟ್ ಕೊಳ್ಳುವ) ಮನೆಗಳಿಗೂ ನಿಗದಿತ ಶುಲ್ಕ ವಿಧಿಸಿದೆ. 2024-25ರಲ್ಲಿ ಸೇವೆಗೆ 70, ಜಾಲದ ಸಾಮರ್ಥ್ಯಕ್ಕೆ 130, ಅದರ ಮೇಲೆ ಶೇ. 15 ವ್ಯಾಟ್, ಕೂಡಿದರೆ 230 ರಾಂಡ್ ಆಗಿತ್ತು; ಆಮೇಲೆ ಮೊತ್ತ ಬದಲಾಗಿದೆ. ತಿಂಗಳ ಮೊದಲ ಖರೀದಿಯಲ್ಲೇ ಇದನ್ನು ಮುರಿದುಕೊಳ್ಳುತ್ತಾರೆ. ಆಗ ನಿಮ್ಮ 500ರಲ್ಲಿ 270ಕ್ಕೆ ಮಾತ್ರ ಯೂನಿಟ್ ಸಿಗುತ್ತಿತ್ತು. ಹಾಗಾಗಿ ಒಂದನೇ ತಾರೀಖು 200 ರಾಂಡ್ ಹಾಕಿ ದೀಪ ಹತ್ತುವುದನ್ನು ಕಾದರೆ ಪ್ರಯೋಜನವಿರಲಿಲ್ಲ.

ಹಾಗೆಂದು ಒಂದೇ ತಿಂಗಳಲ್ಲಿ ರಾಶಿ ಯೂನಿಟ್ ಕೊಂಡಿಡುವುದೂ ಜಾಣತನವಲ್ಲ. ಕೊಂಡಷ್ಟೂ ದರದ ಹಂತ ಏರುತ್ತದೆ, ಹೊಸ ತಿಂಗಳಿಗೆ ಮತ್ತೆ ಕೆಳಗಿನಿಂದ ಶುರುವಾಗುತ್ತದೆ.

ನಗರದ ಸ್ಯಾಂಡ್‌ಟನ್ ಬಡಾವಣೆ ಕಡೆಯವರಲ್ಲಿ, ದೇಶದ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್‌ನಿಂದ ನೇರವಾಗಿ ಕರೆಂಟ್ ಪಡೆಯುವವರಿಗೆ ಈ ಶುಲ್ಕ ಅನ್ವಯಿಸುವುದಿಲ್ಲ. (ನಮ್ಮೂರಿನ ಎಸ್ಕಾಂಗಳಿಗೂ ಇದಕ್ಕೂ ಹೆಸರಿನ ನಂಟಷ್ಟೇ!) ನಗರಾಡಳಿತದಲ್ಲಿ ಬಡ ಕುಟುಂಬವೆಂದು ನೋಂದಾಯಿಸಿಕೊಂಡವರಿಗೆ ವಿನಾಯಿತಿ ಇದೆ, ನಿಮ್ಮ ಮನೆಗೆಲಸಕ್ಕೆ ಬರುವವರಿಗೆ ಇದನ್ನು ದಯವಿಟ್ಟು ತಿಳಿಸಿ, ಅವರಿಗೆ ಈ ಶುಲ್ಕ ದೊಡ್ಡ ಮೊತ್ತ.

ಬಾಡಿಗೆ ಮನೆಯವರು ರಸೀದಿ ಎಸೆಯಬೇಡಿ. ಮಾಲೀಕರು ಇದೇ ಶುಲ್ಕವನ್ನು ಬಾಡಿಗೆಯಲ್ಲೂ ಸೇರಿಸಿ ಕೇಳಿದರೆ ತೋರಿಸಲು ಬೇಕಾಗುತ್ತದೆ. ಯೂನಿಟ್ ಸಂಖ್ಯೆ ಸರಿಯಿಲ್ಲ ಎನಿಸಿದವರು ರಸೀದಿಯ ಚಿತ್ರ ಹಾಕಿ, ಮೀಟರ್ ಸಂಖ್ಯೆಯನ್ನು ಮಾತ್ರ ಮರೆಮಾಡಿ.