ಪ್ರಶ್ನೆ ನಿನ್ನದೇ ಇರಲಿ

ಬಳ್ಳಾರಿ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂತು. ನಿಮ್ಮ ಆಸ್ಪತ್ರೆಯಲ್ಲಿ ನರ್ಸುಗಳು, ಮಿಡ್‌ವೈಫ್‌ಗಳು, ಲ್ಯಾಬಿನವರು, ಫಿಸಿಯೋದವರು ಸೇರಿ ಸಂಶೋಧನೆ ಮಾಡಲಿ ಅಂತ ಒಂದು ಗುಂಪು ಕಟ್ಟಿದ್ದಾರೆ, ಅದನ್ನು ನಡೆಸುವ ಕೆಲಸ ನಿನಗೆ ಕೊಟ್ಟಿದ್ದಾರೆ ಅಂತ ಓದಿ ಬಹಳ ಖುಷಿ ಆಯ್ತು. ಆದರೆ ಅದರ ಕೆಳಗಿನ ಸಾಲು ನನಗೆ ಹಿಡಿಸಲಿಲ್ಲ. "ದೊಡ್ಡಮ್ಮ, ರಿಸರ್ಚ್ ಅಂದ್ರೆ ಡಾಕ್ಟರ್‌ಗಳ ಕೆಲಸ, ನಾವು ಫಾರ್ಮ್ ತುಂಬುವವರು" ಅಂತ ಬರೆದಿದ್ದೀಯ. ನೌಕರಿ ಉದ್ದಕ್ಕೂ ಈ ಮಾತು ಕೇಳಿದ್ದೇನೆ. ನಿನ್ನ ಬಾಯಲ್ಲೂ ಬಂತಲ್ಲ ಅಂತ ಬೇಜಾರಾಯ್ತು.

ಫಾರ್ಮ್ ತುಂಬುವುದು ನಿಜ. ನಾನಿದ್ದ ಒಂದು ಕಡೆ ಹೆರಿಗೆ ವಾರ್ಡಿನ ಸಿಸ್ಟರ್‌ಗಳು ತಿಂಗಳುಗಟ್ಟಲೆ ನೈಟ್ ಡ್ಯೂಟಿಯಲ್ಲಿ ಬೇರೆಯವರ ಅಧ್ಯಯನಕ್ಕೆ ಮಾಹಿತಿ ಕೂಡಿಸಿ ಕೊಟ್ಟರು. ಲೇಖನ ಅಚ್ಚಾಯಿತು. ಕೊನೆಯಲ್ಲಿ "ಶುಶ್ರೂಷಾ ಸಿಬ್ಬಂದಿಗೆ ಧನ್ಯವಾದ" ಅಂತ ಒಂದು ಸಾಲು. ಹೆಸರು ಹಾಕಲಿಲ್ಲ ಅನ್ನುವ ನೋವಿಗಿಂತ ಇನ್ನೊಂದು ನೋವು ನನಗೆ ಜಾಸ್ತಿ. ಆ ಹುಡುಗಿಯರಿಗೆ ತಮ್ಮ ವಾರ್ಡಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇದ್ದವು. ಅವನ್ನು ಯಾರೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಅದಕ್ಕೇ ನಿನಗೆ ಹೇಳುತ್ತೇನೆ, ಈ ಗುಂಪಿನಲ್ಲಿ ಬೇರೆ ಏನು ಬಿಟ್ಟರೂ ಪ್ರಶ್ನೆಯನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡಬೇಡ.

ಯಾವ ಥರದ ಪ್ರಶ್ನೆ ಅಂತ ಕೇಳ್ತೀಯ ಅಲ್ವಾ? ಮೇ ತಿಂಗಳ ರಾಯಚೂರು ನಿನಗೆ ಗೊತ್ತು. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಬಾಣಂತಿಯರ ವಾರ್ಡಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ. ಅಂಥದ್ದರಲ್ಲಿ ಕೂಸಿನ ತಲೆಗೆ ಕುಂಚಿಗೆ, ಮೈಗೆ ಸ್ವೆಟರ್, ಕಾಲಿಗೆ ಕಾಲುಚೀಲ, ಮೇಲೊಂದು ದುಪ್ಪಟಿ. ಯಾಕಮ್ಮ ಅಂದ್ರೆ "ಗಾಳಿ ಬಡಿತದ್ರೀ ಸಿಸ್ಟರ್" ಅಂತಾಳೆ ಅಜ್ಜಿ. ಚೊಚ್ಚಲ ಬಾಣಂತಿ, ಹಾಲು ಇನ್ನೂ ಸರಿಯಾಗಿ ಇಳಿದಿಲ್ಲ. ಎರಡನೆಯ ದಿನವೋ ಮೂರನೆಯ ದಿನವೋ ಕೂಸಿನ ಮೈ ಸುಡುತ್ತದೆ. ಉಚ್ಚೆ ಕಡಿಮೆ, ತೂಕವೂ ಇಳಿದಿದೆ. ಕೂಸು ಎಸ್‌ಎನ್‌ಸಿಯುಗೆ, ಅಂದರೆ ಕಾಯಿಲೆಯ ಎಳೆ ಕೂಸುಗಳನ್ನು ನೋಡುವ ವಿಶೇಷ ಘಟಕಕ್ಕೆ ಹೋಗುತ್ತದೆ. ರಕ್ತ ತೆಗೆಯುತ್ತಾರೆ, ಆಂಟಿಬಯೋಟಿಕ್ ಶುರುವಾಗುತ್ತದೆ. ತಾಯಿ ಒಂದು ಕಡೆ, ಕೂಸು ಒಂದು ಕಡೆ.

ಇಂಥ ಜ್ವರಗಳಲ್ಲಿ ಸೋಂಕಿನವು ಎಷ್ಟು, ಸೆಕೆಯಿಂದ ಬಂದವು ಎಷ್ಟು, ಹಾಲು ಸಾಲದೆ ಬಂದವು ಎಷ್ಟು? ಡಾಕ್ಟರ್ ನೋಡುವಾಗ ಕೂಸಿನ ಬಟ್ಟೆ ಬಿಚ್ಚಿರುತ್ತದೆ. ಆ ಸ್ವೆಟರ್ ನೋಡಿದವಳು ನೀನು. ಕೂಸು ರಾತ್ರಿಯೆಲ್ಲ ಎಷ್ಟು ಸಲ ಮೊಲೆ ಹಿಡಿಯಿತು ಅನ್ನುವುದೂ ನಿನಗೇ ಗೊತ್ತು. ಹಾಗಾಗಿ ಈ ಪ್ರಶ್ನೆ ನಿನ್ನಿಂದಲೇ ಹುಟ್ಟಬೇಕು. ವಾರ್ಡಿನ ಗೋಡೆಗೆ ಒಂದು ಥರ್ಮಾಮೀಟರ್ ಹಾಕಿ, ಕೂಸಿನ ಮೇಲೆ ಎಷ್ಟು ಪದರ ಬಟ್ಟೆ ಇತ್ತು, ಹುಟ್ಟಿದಾಗ ತೂಕ ಎಷ್ಟು, ದಿನಾ ಎಷ್ಟು, ಎಷ್ಟು ಸಲ ಹಾಲು, ಎಷ್ಟು ಸಲ ಉಚ್ಚೆ, ಜ್ವರ ಬಂದದ್ದು ಎಷ್ಟು ಗಂಟೆಗೆ, ರಕ್ತದಲ್ಲಿ ಸೋಂಕು ಇದೆಯಾ ಅಂತ ನೋಡುವ ಕಲ್ಚರ್ ರಿಪೋರ್ಟ್ ಏನು ಬಂತು, ಇಷ್ಟು ಬರೆದಿಟ್ಟರೂ ಒಂದು ಬೇಸಿಗೆಯಲ್ಲಿ ನಿಮಗೆ ಎಷ್ಟೋ ವಿಷಯ ತಿಳಿಯುತ್ತದೆ. ಒಂದು ಎಚ್ಚರಿಕೆ. ಎಳೆ ಕೂಸಿನ ಜ್ವರ ಅಂದರೆ ಮೊದಲು ಸೋಂಕು ಅಂತಲೇ ನೋಡಬೇಕು. ನಿನ್ನ ಅಧ್ಯಯನದ ಸಲುವಾಗಿ ಯಾವ ಕೂಸಿನ ಚಿಕಿತ್ಸೆಯೂ ಅರ್ಧ ಗಂಟೆ ಸಹ ತಡ ಆಗಬಾರದು.

ನಮ್ಮ ಕೆಲಸದವರು ಮಾಡಿದ್ದಕ್ಕೆ ಬೆಲೆ ಸಿಗುತ್ತದಾ ಅನ್ನುವ ಅನುಮಾನ ಇದ್ದರೆ ಬೆಳಗಾವಿ ಕಡೆ ನೋಡು. ಅಲ್ಲಿನ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ಒಂದು ದೊಡ್ಡ ಅಧ್ಯಯನ ನಡೆಯಿತು. ಹೆರಿಗೆ ಆದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ರಕ್ತಸ್ರಾವ ಕಡಿಮೆ ಆಗುತ್ತದಾ ಅಂತ. ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತ ಅಳೆದವರು ಎಲ್ಲ ಎಎನ್‌ಎಂಗಳೇ, ಹಳ್ಳಿಯ ಆರೋಗ್ಯ ಸಹಾಯಕಿಯರು. 1620 ತಾಯಂದಿರು. ಅಧ್ಯಯನದ ಮಾತ್ರೆ ಸಿಗದ ಗುಂಪಿನಲ್ಲಿ ನೂರಕ್ಕೆ 12 ಜನರಿಗೆ ಹೆಚ್ಚು ರಕ್ತ ಹೋಗಿತ್ತು, ಸಿಕ್ಕವರಲ್ಲಿ 6.4. ಅಂದರೆ ಸುಮಾರು ಅರ್ಧಕ್ಕೆ ಇಳಿಯಿತು. 2006ರಲ್ಲಿ ಅದು ಲ್ಯಾನ್ಸೆಟ್ ಅನ್ನುವ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆ ಅಧ್ಯಯನಕ್ಕಾಗಿಯೇ ರಕ್ತ ಅಳೆಯುವ ಪ್ಲಾಸ್ಟಿಕ್ ಚೀಲ ಒಂದನ್ನು ಮಾಡಿದರು. ಹೆರಿಗೆ ಆದ ಮೇಲೆ ತಾಯಿಯ ಕೆಳಗೆ ಹಾಸುವುದು, ಕೆಳಗೆ ಆಲಿಕೆಯಂತೆ ಇಳಿದು ಅಳತೆಯ ಗೆರೆ ಇರುತ್ತದೆ. ಲೇಬರ್ ರೂಮಿನಲ್ಲಿ ನಾವು ಏನು ಮಾಡುತ್ತಿದ್ದೆವು ಗೊತ್ತಲ್ಲ. ಪ್ಯಾಡು ನೆನೆದಿದೆ, ಲಂಗ ನೆನೆದಿದೆ, ಟ್ರೇಯಲ್ಲಿ ಒಂದಿಷ್ಟು, ನೆಲದ ಮೇಲೆ ಒಂದಿಷ್ಟು. "ಸಿಸ್ಟರ್, ಎಷ್ಟು ಹೋಯ್ತು?" ಅಂದ್ರೆ "ಒಂದು ಮುನ್ನೂರು" ಅಂತ ಕೇಸ್ ಶೀಟಿಗೆ ಬರೆಯುವುದು. ಕಣ್ಣಳತೆಯನ್ನೂ ಚೀಲದ ಅಳತೆಯನ್ನೂ ಹೋಲಿಸಿ ನೋಡಿದಾಗ ಕಣ್ಣಿನ ಅಂದಾಜು ಮೂರರಲ್ಲಿ ಒಂದು ಪಾಲು ಕಡಿಮೆ ಬಂತು. 500 ಮಿಲಿಲೀಟರ್ ದಾಟಿದರೆ ಅಪಾಯ ಅಂತ ಲೆಕ್ಕ ಇಡುವ ಕಡೆ ಇಷ್ಟು ತಪ್ಪಿದರೆ ಜೀವವೇ ಹೋಗಬಹುದು. ಆಮೇಲೆ ಆಫ್ರಿಕಾದ 4 ದೇಶಗಳ 80 ಆಸ್ಪತ್ರೆಗಳಲ್ಲಿ ಅಂಥದ್ದೇ ಅಳತೆ ಚೀಲ ಬಳಸಿ, ರಕ್ತ ಹೆಚ್ಚಾದ ಕೂಡಲೇ ಮಾಡಬೇಕಾದ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಮಾಮೂಲಿನಂತೆ ನೋಡಿಕೊಂಡ ಕಡೆ ರಕ್ತಸ್ರಾವ ಆದವರಲ್ಲಿ ನೂರಕ್ಕೆ 51 ಜನರದ್ದು ಮಾತ್ರ ಪತ್ತೆ ಆಗಿತ್ತು, ಚೀಲ ಬಳಸಿದ ಕಡೆ 93. ಹೊರಟದ್ದು "ಎಷ್ಟು ಹೋಯ್ತು?" ಅನ್ನುವ ಲೇಬರ್ ರೂಮಿನ ಪ್ರಶ್ನೆಯಿಂದ.

ಇನ್ನೂ ಹತ್ತಿರ ಬೇಕಾ? ನಮ್ಮ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ನರ್ಸ್ ಮೆಂಟರ್‌ಗಳ ಅಧ್ಯಯನ ನಡೆದಿದೆ. ಅನುಭವಿ ನರ್ಸ್ ಕೇಂದ್ರಕ್ಕೇ ಬಂದು, ಜೊತೆಗೆ ನಿಂತು ಕಲಿಸಿದರೆ ಹೆರಿಗೆಯ ಕೆಲಸ ಸುಧಾರಿಸುತ್ತದಾ ಅಂತ ನೋಡಿದರು. ಕೊಪ್ಪಳದಲ್ಲಿ 2 ಕೆಜಿಗಿಂತ ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಅಂಟಿಸಿಡುವ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹೇಗೆ ಮುಟ್ಟಿಸುವುದು ಅನ್ನುವ ಅಧ್ಯಯನ ಆಯಿತು. ನಮ್ಮ ಕಡೆಯ ಆಸ್ಪತ್ರೆ ಹಿಂದುಳಿದದ್ದು, ಇಲ್ಲೇನು ಸಂಶೋಧನೆ ಅನ್ನುವವರಿಗೆ ಈ ಎರಡನ್ನೂ ಹೇಳು.

ಮೇ 12 ಬಂದರೆ ನೈಟಿಂಗೇಲ್ ಹೆಸರಲ್ಲಿ ದೀಪ ಹಚ್ಚುತ್ತೇವೆ. ನರ್ಸಿಂಗ್‌ಗೆ ಬುನಾದಿ ಹಾಕಿದ ಅವರು ಯುದ್ಧಕ್ಕೆ ಹೋಗಿ ಸತ್ತ ಸೈನಿಕರ ಲೆಕ್ಕ ಇಟ್ಟು, ಗಾಯಕ್ಕಿಂತ ರೋಗಕ್ಕೇ ಹೆಚ್ಚು ಜನ ಬಲಿಯಾದರು ಅಂತ 1858ರಲ್ಲಿ ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದರು. ದೀಪದ ಜೊತೆ ಆ ಲೆಕ್ಕವನ್ನೂ ನಮಗೆ ಕಲಿಸಬೇಕಿತ್ತು.

ಈಗ ಕೆಲಸದ ಮಾತು. ಎಂ.ಎಸ್ಸಿ. ನರ್ಸಿಂಗ್ ಮುಗಿಸಿದವರು ನಿಮ್ಮ ಗುಂಪಿನಲ್ಲಿ ಇರುತ್ತಾರೆ. ಅವರು ಕಾಲೇಜಿನಲ್ಲಿ ಕಲಿತ ರೂಢಿ ಒಂದಿದೆ. ಒಂದು ವಿಷಯ ಪಾಠ ಮಾಡುವುದು, ಮೊದಲು ಒಂದು ಪ್ರಶ್ನೆಪತ್ರಿಕೆ, ಒಂದು ವಾರ ಬಿಟ್ಟು ಅದೇ ಪ್ರಶ್ನೆಪತ್ರಿಕೆ, "ಜ್ಞಾನ ಹೆಚ್ಚಾಗಿದೆ" ಅಂತ ಬರೆಯುವುದು. ಪಾಠ ಮಾಡಿದ ಮೇಲೆ ಮಾರ್ಕ್ಸ್ ಜಾಸ್ತಿ ಬರದೆ ಇನ್ನೇನಾಗುತ್ತದೆ? ಕೈ ತೊಳೆಯುವ ಬಗ್ಗೆ ನೂರಕ್ಕೆ ತೊಂಬತ್ತು ತಗೊಂಡವರು ವಾರ್ಡಿನಲ್ಲಿ ಕೈ ತೊಳೆಯುತ್ತಾರಾ? ಆ ಬೇಸಿನ್‌ನಲ್ಲಿ ನೀರು ಬರುತ್ತದಾ, ಸೋಪು ಇರುತ್ತದಾ? ಅದನ್ನು ನೋಡಿ. ಅಂಥ ಪ್ರಶ್ನೆಪತ್ರಿಕೆಯ ಅಧ್ಯಯನಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಾಗಿವೆ, ನೀವು ಇನ್ನೊಂದು ಸೇರಿಸಬೇಡಿ.

ಪ್ರಶ್ನೆ ಒಂದೇ ಸಾಲಿನಲ್ಲಿ ಇರಲಿ. ಮೊದಲು ಕನ್ನಡದಲ್ಲಿ ಬರೆದು ಆಯಾಗೆ ಓದಿ ಹೇಳು. ಅವರಿಗೆ ತಿಳಿಯದಿದ್ದರೆ ನಿನಗೂ ಪೂರ್ತಿ ತಿಳಿದಿಲ್ಲ ಅಂತ ಅರ್ಥ. ಆಮೇಲೆ ಬೇರೆಯವರು ಏನು ಮಾಡಿದ್ದಾರೆ ಹುಡುಕು. ವೈದ್ಯಕೀಯ ಲೇಖನ ಹುಡುಕುವ ಪಬ್‌ಮೆಡ್ ವೆಬ್‌ಸೈಟ್ ನೋಡಲು ದುಡ್ಡು ಬೇಕಾಗಿಲ್ಲ, ಮೊಬೈಲ್ ಸಾಕು. ಮೆಡಿಕಲ್ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಅಂಕಿಅಂಶದವರು ಇರುತ್ತಾರೆ. ಮಾಹಿತಿ ಕೂಡಿಸುವ ಮೊದಲೇ ಅವರ ಹತ್ತಿರ ಹೋಗು, ಎಷ್ಟು ಜನ ಬೇಕು, ಏನೇನು ಅಳೆಯಬೇಕು ಕೇಳು. ಎಲ್ಲ ಮುಗಿಸಿ ಎಕ್ಸೆಲ್ ಹಿಡಿದುಕೊಂಡು ಹೋದರೆ ಅವರಿಂದಲೂ ಏನೂ ಆಗುವುದಿಲ್ಲ.

ಸಂಶೋಧನೆಯಿಂದ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡ. ಅಧ್ಯಕ್ಷರು ಸಂಸ್ಥೆಯ ಹೊರಗಿನವರು ಇರಬೇಕು, ಕಾನೂನು ತಿಳಿದವರು, ಸಾಮಾನ್ಯ ಜನರ ಪರವಾಗಿ ಒಬ್ಬರು ಇರಬೇಕು ಅಂತ ನಿಯಮ ಇದೆ. ಅವರು ಕಾಟ ಕೊಡುತ್ತಾರೆ ಅಂತ ತಿಳಿಯಬೇಡ. ಅವರು ಕೇಳುವ ಪ್ರಶ್ನೆಗಳಿಂದ ನಿನ್ನ ಕೆಲಸ ಗಟ್ಟಿ ಆಗುತ್ತದೆ. ಆದರೆ ಒಪ್ಪಿಗೆ ಪತ್ರದ ವಿಷಯದಲ್ಲಿ ಸಮಿತಿಗೆ ಕಾಣದ್ದು ನಿನಗೆ ಕಾಣಬೇಕು. ದೇವದುರ್ಗದ ಹಳ್ಳಿಯಿಂದ ಬಂದ ಹೆಣ್ಣುಮಗಳು ಸಿಸ್ಟರ್ ಏನು ಕೇಳಿದರೂ "ಹೂಂ" ಅನ್ನುತ್ತಾಳೆ. ಬೇಡ ಅಂದರೆ ಸರಿಯಾಗಿ ನೋಡಿಕೊಳ್ಳುವುದಿಲ್ಲ ಅನ್ನುವ ಭಯ. ಅದು ಒಪ್ಪಿಗೆ ಅಲ್ಲ. ನೋವು ತಿನ್ನುತ್ತಿರುವವಳ ಮುಂದೆ ಕಾಗದ ಹಿಡಿಯಬೇಡ. ಗರ್ಭಿಣಿಯರ ತಪಾಸಣೆಗೆ ಬಂದಾಗಲೇ ಕೂತು ಹೇಳು. ಕನ್ನಡ ಬಾರದವರಿಗೆ ತೆಲುಗಿನಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ ಹೇಳುವವರನ್ನು ಹುಡುಕು. ಹೆಬ್ಬೆಟ್ಟು ಒತ್ತುವವರಿದ್ದರೆ ಗುಂಪಿಗೆ ಸೇರದ ಒಬ್ಬರು ಸಾಕ್ಷಿ ಇರಲಿ. "ಬೇಡ ಅಂದ್ರೂ ನಿನ್ನ ಔಷಧಿ ನಿಲ್ಲೋದಿಲ್ಲ ತಾಯಿ" ಅನ್ನುವುದನ್ನು ಮೊದಲು ಹೇಳು.

ಇನ್ನೊಂದು ಮಾತು ಕಟುವಾಗಿ ಹೇಳುತ್ತೇನೆ. ಎಷ್ಟೋ ವಾರ್ಡುಗಳ ಚಾರ್ಟು ತೆಗೆದು ನೋಡು, ಬಿಪಿ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ 120/80, 120/80. ಒಬ್ಬಳೇ ಇಡೀ ವಾರ್ಡು ನೋಡುವಾಗ ಕಫ್ ಕಟ್ಟಲು ಪುರುಸೊತ್ತು ಎಲ್ಲಿ ಅಂತ ನನಗೂ ಗೊತ್ತು. ಆದರೆ ಅಂಥ ಅಂಕಿಯ ಮೇಲೆ ನಿಂತ ಸಂಶೋಧನೆ ಮರಳಿನ ಮೇಲೆ ಕಟ್ಟಿದ ಮನೆ. ಅಳೆಯದಿದ್ದರೆ ಖಾಲಿ ಬಿಡಿ. ಖಾಲಿ ಜಾಗವೂ ಒಂದು ಮಾಹಿತಿಯೇ. ಯಾವ ಪಾಳಿಯಲ್ಲಿ ಜಾಸ್ತಿ ಖಾಲಿ ಇದೆ, ಆಗ ಎಷ್ಟು ಜನ ಡ್ಯೂಟಿಯಲ್ಲಿದ್ದರು ಅಂತ ಕೂಡಿಸಿದರೆ, ಸಿಬ್ಬಂದಿ ಸಾಲದು ಅಂತ ಸೂಪರಿಂಟೆಂಡೆಂಟ್ ಮುಂದೆ ಇಡಲು ಅದಕ್ಕಿಂತ ಒಳ್ಳೆಯ ಪುರಾವೆ ಸಿಗುವುದಿಲ್ಲ. ಖಾಲಿ ಬಿಟ್ಟವರನ್ನು ಬೈಯುವುದಿಲ್ಲ ಅಂತ ಮೊದಲೇ ಎಲ್ಲರಿಗೂ ಮಾತು ಕೊಡು.

ಗುಂಪು ಅಂದ ಮೇಲೆ ನರ್ಸುಗಳದ್ದೇ ಆಗಬಾರದು. ನಿನ್ನ ತಮ್ಮ ಕೊಪ್ಪಳದಲ್ಲಿ ಲ್ಯಾಬ್ ಟೆಕ್ನಿಷಿಯನ್, ಫೋನ್ ಮಾಡಿದಾಗೆಲ್ಲ ವಾರ್ಡಿನಿಂದ ಬರುವ ಸ್ಯಾಂಪಲ್‌ನಲ್ಲಿ ರಕ್ತಕಣ ಒಡೆದು ಪರೀಕ್ಷೆಗೆ ಬಾರದಂತೆ ಆಗಿರುತ್ತದೆ ಅಂತ ಗೊಣಗುತ್ತಾನೆ. ವಾರ್ಡಿನವರು ಲ್ಯಾಬಿನವರು ರಿಪೋರ್ಟ್ ತಡ ಮಾಡುತ್ತಾರೆ ಅಂತ ಗೊಣಗುತ್ತಾರೆ. ಯಾವ ಸೂಜಿಯಿಂದ ತೆಗೆದದ್ದು, ಎಷ್ಟು ಹೊತ್ತು ಬಿಸಿಲಿನ ಕಿಟಕಿಯಲ್ಲಿ ಇಟ್ಟದ್ದು, ಯಾವ ಸ್ಯಾಂಪಲ್ ವಾಪಸ್ ಹೋಯಿತು ಅಂತ ಇಬ್ಬರೂ ಸೇರಿ ಬರೆದರೆ ಜಗಳವೂ ಮುಗಿಯುತ್ತದೆ, ಒಂದು ಅಧ್ಯಯನವೂ ಆಗುತ್ತದೆ. ಫಿಸಿಯೋದವರಿಗೂ ಅವರದೇ ಪ್ರಶ್ನೆ ಇದೆ. ಲಕ್ವ ಹೊಡೆದವರು ಎರಡು ಸಲ ಬಂದು ಮೂರನೆಯ ಸಲ ಬರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಮನೆಯವರು ಗುಳೆ ಹೋದರೆ ಮುದುಕರನ್ನು ಕರೆತರುವವರು ಯಾರು? ಬೇರೆ ಊರಿನ ಲೇಖನಗಳಲ್ಲಿ ಗುಳೆಯ ಲೆಕ್ಕ ಇರುವುದಿಲ್ಲ. ನೀವು ಇಡಬೇಕು. 2021ರ ಕಾಯ್ದೆಯಿಂದ ಲ್ಯಾಬ್, ಫಿಸಿಯೋದಂಥ ವೃತ್ತಿಯವರಿಗೆ ತಮ್ಮದೇ ಆಯೋಗ ಬಂದಿದೆ, 2018ರಲ್ಲಿ ಮಿಡ್‌ವೈಫರಿ ಸೇವೆಗೆ ಕೇಂದ್ರದ ಮಾರ್ಗಸೂಚಿ ಬಂದಿದೆ. ಹಕ್ಕು ಕಾಗದದ ಮೇಲೆ ಬಂತು, ಕೆಲಸ ನೀವು ತೋರಿಸಬೇಕು.

ಲೇಖನದಲ್ಲಿ ಯಾರ ಹೆಸರು ಅನ್ನುವುದನ್ನು ಶುರುವಿನಲ್ಲೇ ಬರೆದಿಡಿ. ಆಮೇಲೆ ಮುಖ ಊದಿಸಿಕೊಳ್ಳುವುದು ಬೇಡ. ದುಡ್ಡು ಕಟ್ಟಿ, ಹತ್ತು ದಿನದಲ್ಲಿ ಅಚ್ಚು ಹಾಕುತ್ತೇವೆ ಅಂತ ಮೆಸೇಜ್ ಬರುತ್ತದೆ. ಅದನ್ನು ನಂಬಬೇಡ. ಪಿಎಚ್‌ಡಿ ಆಸೆ ಇದ್ದರೆ ಇರಲಿ, ಒಂದು ಸಣ್ಣ ಅಧ್ಯಯನ ಮುಗಿಸಿದ ಮೇಲೆ ಮಾತಾಡೋಣ. ಮತ್ತೆ, ಏನೇ ಕಂಡುಕೊಂಡರೂ ಮೊದಲು ಹೇಳಬೇಕಾದದ್ದು ನಿಮ್ಮ ವಾರ್ಡಿನಲ್ಲಿ, ಪಾಳಿ ಬದಲಾಗುವ ಹೊತ್ತಿನಲ್ಲಿ, ಆಯಾಗಳೂ ಇರುವಾಗ. ಸ್ವೆಟರ್ ಬಿಚ್ಚಿಸಲು ಅಜ್ಜಿಯ ಮನಸ್ಸು ಒಪ್ಪಿಸುವವರು ಅವರೇ.

ಮೊದಲ ಮೀಟಿಂಗ್ ಸಂಜೆ ಇಡಬೇಡ, ಮಕ್ಕಳಿರುವವರು ಬರುವುದಿಲ್ಲ. ಮಧ್ಯಾಹ್ನದ ಹ್ಯಾಂಡ್‌ಓವರ್ ಆದ ಕೂಡಲೇ ಅರ್ಧ ಗಂಟೆ ಸಾಕು. ಎಲ್ಲರಿಗೂ ಒಂದೊಂದು ಚೀಟಿ ಕೊಡು, ಕೆಲಸದಲ್ಲಿ ಕಾಡುವ ಒಂದು ಪ್ರಶ್ನೆ ಬರೆಯಲಿ, ಹೆಸರು ಬೇಡ. ಆ ಚೀಟಿಗಳ ಫೋಟೋ ನನಗೆ ವಾಟ್ಸಾಪ್ ಮಾಡು, ಕೂತು ನೋಡೋಣ. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ನಿಮ್ಮಪ್ಪನ ಕೈಲಿ ಕಳಿಸಿದ್ದೇನೆ. ನೈಟ್ ಡ್ಯೂಟಿ ಇದ್ದಾಗ ಊಟ ಬಿಡಬೇಡ.

ಇಂತಿ,
ನಿನ್ನ ದೊಡ್ಡಮ್ಮ