ಅದಿರಿನ ಜೊತೆ ನೀರನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಹುನಗುಂದ ತಾಲ್ಲೂಕಿನ ಅಮೀನಗಡ, ರಾಮಥಾಳ ಕಡೆಯ ಕಬ್ಬಿಣದ ಕಲ್ಲಿನ ತುಂಬ ಬೆಣಚಿನ ಪಟ್ಟಿಗಳು. ಇಂಥ ಬಡ ಅದಿರನ್ನು ಶುದ್ಧಿ ಮಾಡುವ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಕಡೆ ಹೋಗಿ ನಿಲ್ಲುತ್ತದೆ: ನೀರೆಷ್ಟು ಬೇಕು, ಕೃಷ್ಣೆಯದೋ ಬೋರ್‌ವೆಲ್ಲಿನದೋ. ಆ ನೀರಿನಲ್ಲಿ ಏನು ಕರಗಿದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನೊರೆ ತೇಲಿಕೆಯಲ್ಲಿ, ಅಂದರೆ ಫ್ರಾತ್ ಫ್ಲೋಟೇಶನ್‌ನಲ್ಲಿ, ನುಣ್ಣಗೆ ಅರೆದ ಅದಿರನ್ನು ನೀರಿಗೆ ಹಾಕಿ ಗಾಳಿ ಊದುತ್ತಾರೆ. ಕಲೆಕ್ಟರ್ ಎಂಬ ರಾಸಾಯನಿಕ ಅಂಟಿಕೊಂಡ ಕಣ ಗುಳ್ಳೆ ಹಿಡಿದು ಮೇಲೇರುತ್ತದೆ, ಉಳಿದದ್ದು ತಳಕ್ಕೆ. ಅದು ಯಾವುದಕ್ಕೆ ಅಂಟಬೇಕು ಎಂಬುದನ್ನೇ ನೀರಿನಲ್ಲಿ ಕರಗಿದ ಲೋಹದ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಬದಲಿಸಿಬಿಡಬಲ್ಲವು. ರಾಜಸ್ಥಾನದ ಜಾವರ್‌ನಂಥ ಸೀಸ, ಸತುವಿನ ಗಣಿಗಳಲ್ಲಿ ಮೊದಲು ಸೀಸ ತೇಲಿಸಿ ಆಮೇಲೆ ಸತುವನ್ನು ತೇಲಿಸಲು ಮೈಲುತುತ್ತ ಹಾಕುತ್ತಾರೆ (ಹೌದು, ವಿಜಯಪುರದ ದ್ರಾಕ್ಷಿಗೆ ಬೋರ್ಡೋ ದ್ರಾವಣ ಮಾಡುವ ಅದೇ ಮೈಲುತುತ್ತ). ಅದರ ತಾಮ್ರದ ಅಯಾನು ಅದಿರಿನ ಮೈಮೇಲಿನ ಸತುವನ್ನು ಸರಿಸಿ ತಾನು ಕೂರುತ್ತದೆ. ಆಮೇಲೇ ಕ್ಸಾಂಥೇಟ್ ಎಂಬ ಕಲೆಕ್ಟರ್ ಅದನ್ನು ಗಟ್ಟಿಯಾಗಿ ಹಿಡಿಯುವುದು. ಅದಿರಿನಿಂದಲೇ ತಾಮ್ರ ಕರಗಿ ಬಂದರೆ ಸತು ಕರೆಯದೆಯೇ ಸೀಸದ ಜೊತೆ ತೇಲಿಬರುತ್ತದೆ.

ನಮ್ಮಲ್ಲಿ ತೊಡಕು ಕ್ಯಾಲ್ಸಿಯಂ, ಮೆಗ್ನೀಸಿಯಂನದು. ಬಾಗಲಕೋಟೆ ಜಿಲ್ಲೆಯ ಬಹಳಷ್ಟು ಬೋರಿನ ನೀರು ಗಡಸು. ಸಬಕಾರ ನೊರೆ ಬಿಡದೆ ಬಿಳಿ ಗಸಿಯಾಗುವುದು ಎಲ್ಲ ಮನೆಯವರಿಗೂ ಗೊತ್ತು. ಕೊಬ್ಬಿನಾಮ್ಲದ ಕಲೆಕ್ಟರ್ ಬಳಸಿದರೆ ಅದರ ಗತಿಯೂ ಅಷ್ಟೇ, ಅದೂ ಸಬಕಾರದ ಜಾತಿಯೇ. ಕಬ್ಬಿಣದ ಅದಿರಿಗೆ ಸಾಮಾನ್ಯವಾಗಿ ಉಲ್ಟಾ ಪದ್ಧತಿ: ಪಿಎಚ್ (ಆಮ್ಲ, ಕ್ಷಾರದ ಅಳತೆ) 10ರ ಸುಮಾರಿಗೆ ಪಿಷ್ಟ ಹಾಕಿ ಕಬ್ಬಿಣವನ್ನು ತಳದಲ್ಲಿ ಹಿಡಿದು, ಅಮೈನ್ ಎಂಬ ಕಲೆಕ್ಟರ್‌ನಿಂದ ಬೆಣಚನ್ನು ತೇಲಿಸುತ್ತಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಹೆಚ್ಚಾದರೆ ಬೆಣಚಿನ ಮೇಲೆ ಅಮೈನ್‌ಗೆ ಜಾಗ ಸಿಗದು, ಪಿಷ್ಟ ಅಲ್ಲೂ ಮೆತ್ತಿಕೊಳ್ಳುತ್ತದೆ, ಬೆಣಚು ಕಬ್ಬಿಣದ ಜೊತೆಗೇ ಉಳಿಯುತ್ತದೆ. ತಮಾಷೆಯೆಂದರೆ, ಕೊಬ್ಬಿನಾಮ್ಲದ ಇನ್ನೊಂದು ಪದ್ಧತಿಯಲ್ಲಿ ಇದೇ ಬೆಣಚನ್ನು ತೇಲಿಸಲೆಂದೇ ಪಿಎಚ್ 11 ದಾಟಿಸಿ ಕ್ಯಾಲ್ಸಿಯಂ ಸೇರಿಸುತ್ತಾರೆ.

ಹೀಗಿರುವಾಗ ಭಟ್ಟಿ ಇಳಿಸಿದ ನೀರಿನಲ್ಲಿ ಮಾಡಿದ ಲ್ಯಾಬ್ ಪರೀಕ್ಷೆ ತೋರಿಸಿ ಇಷ್ಟು ಕಬ್ಬಿಣ ಕೈಗೆ ಬರುತ್ತದೆ ಎನ್ನುವ ವರದಿಯನ್ನು ನಾನಂತೂ ನಂಬಲಾರೆ. ಪರೀಕ್ಷೆ ಆಯಾ ಊರಿನ ನೀರಿನಲ್ಲೇ ಆಗಬೇಕು, ಬೇಸಿಗೆಯದರಲ್ಲೂ ಮಳೆಗಾಲದ್ದರಲ್ಲೂ. ಬಳಸಿದ ನೀರನ್ನೇ ತಿರುಗಿಸಿ ಬಳಸುತ್ತೇವೆ ಎನ್ನುವುದು ಒಳ್ಳೆಯ ಮಾತು, ಆದರೆ ಪ್ರತಿ ಸುತ್ತಿಗೂ ಅಯಾನು ಕೂಡುತ್ತ ಹೋಗುತ್ತವೆ. ಸೋಡಾ ಆಶ್ ಹಾಕಿ ಕ್ಯಾಲ್ಸಿಯಂ ಇಳಿಸಬಹುದು. ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ. ಸಾರ್ವಜನಿಕ ಅಹವಾಲು ಸಭೆಗೆ ತರುವ ಕಡತದಲ್ಲಿ ನೀರಿನ ಪ್ರಮಾಣದ ಪಕ್ಕದಲ್ಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣದ ಅಂಕಿಗಳೂ ಇರಲಿ, ಅದೂ ಕನ್ನಡದಲ್ಲಿ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಬಾಗಲಕೋಟೆ