ಹಂಪಿಯ ಕಂಪ್ಯೂಟರ್ ಆಟ ಕಟ್ಟುತ್ತಿರುವ ಸೋದರಳಿಯನಿಗೆ

ಹೊಸಪೇಟೆ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಪತ್ರ ಬಂತು. ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಕೊನೆಯ ಪುಟದಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ‘ಏನನ್ನು ಬಿಟ್ಟರೂ ಹಂಪಿಗೆ ದ್ರೋಹ ಮಾಡಿದ ಹಾಗೆ ಅನ್ನಿಸುತ್ತೆ ಮಾವ, ಅದಕ್ಕೇ ಏನನ್ನೂ ಬಿಡೋಕೆ ಆಗ್ತಿಲ್ಲ’ ಅಂತ, ಅದು ನನ್ನ ನಿದ್ದೆ ಕೆಡಿಸಿದೆ.

ಆಟದಲ್ಲಿ ಏನೇನು ಇರಬೇಕು ಅಂತ ನೀನು ಕಳಿಸಿದ ಪಟ್ಟಿಯನ್ನೂ ಓದಿದೆ. 1336ರಿಂದ 1565ರವರೆಗೆ ಸಂಗಮರು, ಸಾಳುವರು, ತುಳುವರು. ಏಳು ಸುತ್ತಿನ ಕೋಟೆ. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ಈ ನಾಲ್ಕೂ ಗುಡಿಗಳ ಬಜಾರು. ಮಹಾನವಮಿ, ಗೋವೆಯ ಕುದುರೆ ವ್ಯಾಪಾರ, 1520ರ ರಾಯಚೂರು ಯುದ್ಧ, ಕಡೆಗೆ ರಕ್ಕಸತಂಗಡಿ ಯುದ್ಧ. ಇಷ್ಟನ್ನೂ ಮಾಡುವವನು ನೀನೊಬ್ಬನೇ, ಅದೂ ಆಫೀಸು ಮುಗಿಸಿ ಬಂದ ಮೇಲೆ. ಒಂದು ಕುದುರೆ ಸರಿಯಾಗಿ ಹೆಜ್ಜೆ ಹಾಕುವಂತೆ ಮಾಡೋದಕ್ಕೇ ಬೇಸಿಗೆಯೆಲ್ಲ ಹೋಯಿತು ಅಂತ ಅದೇ ಪತ್ರದಲ್ಲಿ ಬರೆದಿದ್ದೀಯ. ಒಂದನ್ನು ಮಾಡಿದರೆ ಸಾವಿರ ಮಾಡಿದ ಹಾಗೇ ಅಂತ ನೀನು ಹೇಳಬಹುದು. ಆದರೆ ಆನೆ ನಡೆಯೋದು ಬೇರೆ, ಹೊಳೆ ದಾಟೋದು ಬೇರೆ, ಫಿರಂಗಿ ಎಳೆಯೋದು ಬೇರೆ, ಗಾಯಗೊಂಡು ಬೀಳೋದು ಬೇರೆ. ಪ್ರತಿಯೊಂದಕ್ಕೂ ಒಂದೊಂದು ಬೇಸಿಗೆ ಬೇಡವೇ?

ದ್ರೋಹ ಅಂದೆಯಲ್ಲ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನನ್ನು ನೆನಪು ಮಾಡಿಕೋ. 1520ರ ಸುಮಾರಿಗೆ ಕೃಷ್ಣದೇವರಾಯನ ಪಟ್ಟಣವನ್ನು ಕಣ್ಣಾರೆ ಕಂಡವನು. ಇದರ ವಿಸ್ತಾರ ಎಷ್ಟೆಂದು ನಾನು ಬರೆಯುವುದಿಲ್ಲ, ಯಾವ ಒಂದು ಜಾಗದಲ್ಲಿ ನಿಂತರೂ ಇದು ಪೂರ್ತಿ ಕಾಣುವುದಿಲ್ಲ ಅಂತ ಅವನೇ ಹೇಳಿಬಿಟ್ಟ. ಒಂದು ಗುಡ್ಡ ಹತ್ತಿದ, ಅಲ್ಲಿಂದ ಕಂಡಷ್ಟನ್ನು ಬರೆದ, ಅಷ್ಟೇ ರೋಮ್ ನಗರದಷ್ಟು ದೊಡ್ಡದು ಅನ್ನಿಸಿತು ಅಂದ. ಅವನನ್ನು ದ್ರೋಹಿ ಅಂದವರು ಯಾರಿದ್ದಾರೆ? ಐನೂರು ವರ್ಷ ಆದರೂ ಮಹಾನವಮಿ ದಿಬ್ಬದ ಮುಂದೆ ನಿಂತಾಗ ನಮಗೆ ನೆನಪಾಗುವುದು ಅವನ ಮಾತೇ. ನೀನೂ ಒಂದು ಗುಡ್ಡ ಹತ್ತು ಮಗಾ. ಒಂದೇ.

ನೀರಾವರಿ ಇಲಾಖೆಯಲ್ಲಿದ್ದಾಗ ‘ತುರ್ತು’ ಅನ್ನುವ ಹೆಸರಿನ ಕಾಲುವೆ ನನ್ನ ಸೆಕ್ಷನ್ನಿಗೆ ಸೇರಿತ್ತು. ರಾಯರ ಕಾಲದ್ದು. ಹೊಳೆಗೆ ಅಡ್ಡಲಾಗಿ ಹಾಕಿದ ಕಲ್ಲಿನ ಒಡ್ಡಿನಿಂದ ಹೊರಟು, ಗುಡಿಗಳಿಗೂ ಅರಮನೆ ಪ್ರಾಂಗಣಕ್ಕೂ ನಡುವಿನ ತಗ್ಗಿನಲ್ಲಿ ಹರಿದು, ಇವತ್ತಿಗೂ ಬಾಳೆಗೆ, ಕಬ್ಬಿಗೆ ನೀರುಣಿಸುತ್ತದೆ. ಆ ಕಡೆ ಒಬ್ಬ ಮುದುಕ ನೀರುಗಂಟಿ ಇದ್ದ. ತೂಬಿನ ಮೇಲೆ ಕೂತು, ಸದ್ದು ಕೇಳಿಯೇ ಕೊನೆಯ ಗದ್ದೆಗೆ ನೀರು ಮುಟ್ಟುತ್ತದೋ ಇಲ್ಲವೋ ಹೇಳುತ್ತಿದ್ದ. ಮಡೆ ಕಟ್ಟುವಾಗ ಮೊದಲು ಒಂದು ಸಿವುಡು ಹುಲ್ಲು ಒತ್ತುತ್ತಿದ್ದ, ಅದರ ಮೇಲೆ ಜಿಗುಟು ಮಣ್ಣು, ಹಿಮ್ಮಡಿಯಿಂದ ತುಳಿತ, ಆಮೇಲೆ ಸಲಿಕೆಯ ಬೆನ್ನಿನಿಂದ ಎರಡು ಏಟು. ನೀರು ಒಂದು ಗಳಿಗೆ ತಡೆದು ನಿಂತು, ಹಾಗೇ ಪಕ್ಕದ ಕಾಲುವೆಗೆ ಹೊರಳುತ್ತಿತ್ತು. ಯಾವ ತೂಬಿಗೆ ಏನು ಹೆಸರು, ಬರ ಬಂದ ವರ್ಷ ಯಾರ ಸರದಿ ಮೊದಲು, ಎಲ್ಲ ಅವನ ಬಾಯಲ್ಲೇ ಇತ್ತು. ಬರೆದಿಡಬೇಕು ಅನ್ನುವ ಆಸೆ ನನಗೆ ಬಹಳ ಇತ್ತು. ಆದರೆ ತುರ್ತು ಒಂದನ್ನೇ ಬರೆದರೆ ಬಸವಣ್ಣ ಕಾಲುವೆಯ ಕಥೆ ಏನು, ರಾಯ ಕಾಲುವೆಯದ್ದೇನು, ಆನೆಗೊಂದಿ ದಂಡೆಯದ್ದೇನು, ಎಲ್ಲ ಸೇರಿದರೇ ಪೂರ್ತಿ ಅಂತ ಕಾಯುತ್ತಾ ಕೂತೆ. ಅಷ್ಟರಲ್ಲಿ ಅವನೇ ಹೋದ. ಆ ತೂಬುಗಳ ಹೆಸರು ಹೇಳುವವರು ಈಗ ಯಾರೂ ಇಲ್ಲ. ಪೂರ್ತಿ ಬೇಕು ಅನ್ನುವ ಆಸೆ ಮನುಷ್ಯನನ್ನು ಹೇಗೆ ಕಟ್ಟಿಹಾಕುತ್ತದೆ ಅಂತ ನನಗೆ ಗೊತ್ತಿರುವುದರಿಂದಲೇ ನಿನ್ನ ಮಾತು ನನಗೆ ಅಷ್ಟು ಚುಚ್ಚಿತು.

ಹಂಪಿಯನ್ನು ಅಳೆದವರನ್ನೂ ಈ ಕಣ್ಣಿಂದ ನೋಡಿದ್ದೇನೆ. ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ಮತ್ತವರ ಜೊತೆಯವರು 1980ರ ಆಸುಪಾಸಿನಿಂದ ವರ್ಷವರ್ಷವೂ ಬಂದರು. ನೆಲವನ್ನೆಲ್ಲ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕಕ್ಕೂ ಒಂದು ಅಕ್ಷರ ಕೊಟ್ಟು, ಬಿದ್ದ ಗೋಡೆ, ಮಂಟಪ, ಬಂಡೆ ಎಲ್ಲವನ್ನೂ ನಕ್ಷೆಗೆ ಇಳಿಸಿದರು. ಅಷ್ಟು ಜನ, ಅಷ್ಟು ವರ್ಷ, ಬರೀ ನಕ್ಷೆಗೆ. ಅವರೂ ಒಂದು ಸಲಕ್ಕೆ ಒಂದು ಚೌಕ ಅಂತಲೇ ಹೋದದ್ದು.

ಸಲಹೆ ಕೊಡುವಷ್ಟು ನಿನ್ನ ವಿದ್ಯೆ ನನಗೆ ತಿಳಿಯದು. ಆದರೂ ಒಂದು ಹೇಳಬೇಕು ಅನ್ನಿಸುತ್ತಿದೆ. ಅರಮನೆ ಪ್ರಾಂಗಣದ ಮೆಟ್ಟಿಲು ಪುಷ್ಕರಣಿ ಇದೆಯಲ್ಲ, 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದದ್ದು. ಅದರ ಕಪ್ಪು ಕಲ್ಲುಗಳನ್ನು ಹತ್ತಿರದಿಂದ ನೋಡು. ಯಾವ ದಿಕ್ಕು, ಎಷ್ಟನೇ ಸಾಲು ಅಂತ ಕಲ್ಲುಕುಟಿಗರು ಕೆತ್ತಿದ ಗುರುತುಗಳು ಇನ್ನೂ ಇವೆ. ಬೇರೆ ಕಡೆ ಕಡೆದು, ತಂದು, ಗುರುತು ನೋಡಿ ಜೋಡಿಸಿದ್ದಾರೆ. ಗುರುತು ಓದಿ ಕಲ್ಲು ಕೂರಿಸುವ ಕೆಲಸವನ್ನೇ ಆಡುವವನ ಕೈಗೆ ಕೊಟ್ಟರೆ ಆಗದೇ? ಕೊನೆಯ ಕಲ್ಲು ಕೂತ ಮೇಲೆ ಕಲ್ಲುಕಂಬಗಳ ಮೇಲಿನ ಕಲ್ಲುಗಾಲುವೆಯಿಂದ ನೀರು ಬರಲಿ. ರಾಜ ಬರದಿದ್ದರೂ ನಡೆಯುತ್ತದೆ. ಇದು ಹುಡುಗಾಟಿಕೆ ಅನ್ನಿಸಿದರೆ ಬಿಡು.

ದಸರೆ ರಜೆಯಲ್ಲಿ ನೀನೇ ನನಗೆ ‘ಒಬ್ರಾ ದಿನ್’ ಆಟ ತೋರಿಸಿದ್ದೆ. ಲೂಕಾಸ್ ಪೋಪ್ 2018ರಲ್ಲಿ ಹೊರತಂದದ್ದು. 1807ರ ಒಂದೇ ಹಡಗು, ಅರವತ್ತು ಜನ, ಎರಡೇ ಬಣ್ಣ. ಅಷ್ಟಕ್ಕೇ ಅವನಿಗೆ ನಾಲ್ಕು ವರ್ಷಕ್ಕೂ ಮೇಲೆ ಹಿಡಿಯಿತು ಅಂತ ಹೇಳಿದವನೂ ನೀನೇ. ಇಂಗ್ಲಿಷರ ಕಡಲ ವ್ಯಾಪಾರವನ್ನೆಲ್ಲ ತೋರಿಸಲಿಲ್ಲ ಅಂತ ಅವನ ಮೇಲೆ ನಿನಗೆ ಕೋಪ ಬಂತಾ? ಆ ಹಡಗಿನ ಬಗ್ಗೆ ಒಂದು ತಾಸು ಎಷ್ಟು ಪ್ರೀತಿಯಿಂದ ಮಾತಾಡಿದೆ! ಅದೇ ಪ್ರೀತಿಯನ್ನು ನಿನ್ನ ಕೆಲಸಕ್ಕೆ ಯಾಕೆ ಕೊಡುತ್ತಿಲ್ಲ?

ಇನ್ನೆರಡು ಮಾತು, ತಪ್ಪು ತಿಳಿಯಬೇಡ. ಆಫೀಸಿನ ಕೆಲಸ ಬಿಡುವ ಯೋಚನೆಯನ್ನು ಸ್ವಲ್ಪ ಮುಂದಕ್ಕೆ ಹಾಕು. ಚಂದ ಮಾಡುವ ಮೊದಲು ಕಲ್ಲು, ಗೋಡೆಗಳ ಜಾಗದಲ್ಲಿ ಬರೀ ಬೂದು ಡಬ್ಬಿಗಳನ್ನಿಟ್ಟು ಐದು ನಿಮಿಷ ಆಡುವ ಹಾಗೆ ಮಾಡಿ, ಹಂಪಿಯನ್ನೇ ನೋಡದ ಯಾರಾದರೂ ಒಬ್ಬರ ಕೈಗೆ ಕೊಟ್ಟು ನೋಡು. ಬಿಟ್ಟದ್ದನ್ನು ಅಳಿಸಬೇಡ, ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡು. ಮನಸ್ಸಿಗೆ ಸಮಾಧಾನ ಇರುತ್ತದೆ. ಇದೆಲ್ಲ ನಿನಗೆ ಗೊತ್ತಿದ್ದದ್ದೇ ಇರಬಹುದು.

ಆದರೆ ದ್ರೋಹ ಅನ್ನುವ ಮಾತನ್ನು ಮಾತ್ರ ಇನ್ನೊಮ್ಮೆ ಬರೆಯಬೇಡ. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಬಂದಾಗ ಕೋಟೆಯ ಹೊರಸುತ್ತುಗಳ ನಡುವೆ ಹೊಲ, ಮನೆ, ತೋಟ ಕಂಡೆ ಅಂತ ಬರೆದ. ಅವನು ಬರೆದ ಆ ಊರಿನಲ್ಲಿ ಗದ್ದೆಗೆ ನೀರು ಬಿಟ್ಟವರೂ ಇದ್ದರು, ಕಲ್ಲು ಹೊತ್ತವರೂ ಇದ್ದರು. ಅವರಲ್ಲಿ ಒಬ್ಬನ ಒಂದು ದಿನವನ್ನು ನೀನು ಸರಿಯಾಗಿ ತೋರಿಸಿದರೆ ಅದೂ ಹಂಪಿಯೇ.

ಪಟ್ಟಿಯಲ್ಲಿ ಯಾವುದಕ್ಕೆ ಗೆರೆ ಎಳೆದೆ ಅಂತ ಮುಂದಿನ ಪತ್ರದಲ್ಲಿ ಬರೆ. ರಾಯಚೂರು ಯುದ್ಧ ಬಿಡೋಕೆ ಮನಸ್ಸು ಬರಲಿಲ್ಲ ಅಂದರೆ ಅದನ್ನೂ ಬರೆ, ಬೈಯುವುದಿಲ್ಲ. ಡಿಸೆಂಬರಿನಲ್ಲಿ ಬಂದರೆ ಬಿಸಿಲು ಕಡಿಮೆ, ಪುಷ್ಕರಣಿಯ ಫೋಟೋಗಳನ್ನು ಬೆಳಗ್ಗೆಯೇ ತೆಗೆದುಕೊಳ್ಳಬಹುದು. ನಿಮ್ಮತ್ತೆ ಜೋಳದ ರೊಟ್ಟಿ ಮಾಡಿ ಬುತ್ತಿ ಕಟ್ಟಿಕೊಡುತ್ತಾಳಂತೆ.

ನಿನ್ನ ಮಾವ